ಅಮೆರಿಕದ ಪುಟ್ಟ ಊರಿನ ಜನಗಣತಿ ಓದುವಾಗ ನಾನು ಎಡವಿದ ಜಾಗ

ಎರಡು ದಿನದಿಂದ ಅಮೆರಿಕದ ಸಣ್ಣ ಹಳ್ಳಿಗಳ ಜನಗಣತಿ ಅಂಕಿಗಳನ್ನು ಹಿಡಿದು ಕೂತಿದ್ದೆ. ಇವತ್ತು ಬೆಳಿಗ್ಗೆ ಅರ್ಥವಾಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಜನಸಂಖ್ಯೆ

ನಮ್ಮಲ್ಲಿಯಂತೆ ಅಲ್ಲೂ ಹತ್ತು ವರ್ಷಕ್ಕೊಮ್ಮೆ ಎಣಿಕೆ. ಒಂದು ಊರು ಮಾತ್ರ ನೆನಪಿಡಿ: ನೆಬ್ರಾಸ್ಕಾದ ಮೊನೊವಿ. 2000ದಲ್ಲಿ ಅಲ್ಲಿದ್ದವರು ಇಬ್ಬರು, ಗಂಡ ಹೆಂಡತಿ. 2010ರಲ್ಲಿ ಹೆಂಡತಿ ಒಬ್ಬರೇ. 2020ರ ಪಟ್ಟಿಯಲ್ಲಿ ಮತ್ತೆ 2 ಅಂತ ಬಂತು, ಆದರೆ ಊರಿಗೆ ಯಾರೂ ಹೊಸದಾಗಿ ಬಂದಿರಲಿಲ್ಲ! ಯಾರ ವಿವರವೂ ಬಯಲಾಗಬಾರದು ಅಂತ 2020ರಲ್ಲಿ ಊರುಗಳ ಅಂಕಿಗಳನ್ನು ಬೇಕೆಂದೇ ಸ್ವಲ್ಪ ಏರುಪೇರು ಮಾಡಿದ್ದರು. ರಾಜ್ಯದ ಒಟ್ಟು ಸಂಖ್ಯೆಯನ್ನು ಮುಟ್ಟಿಲ್ಲ. ಹಾಗಾಗಿ ಊರು ಚಿಕ್ಕದಾದಷ್ಟೂ ಒಂದೊಂದು ಅಂಕಿಯನ್ನೂ ಹುಷಾರಾಗಿ ಓದಬೇಕು.

ಜನಾಂಗ

ನಾನು ಒದ್ದಾಡಿದ್ದು ಇಲ್ಲೇ. ಬಿಳಿಯರು, ಕಪ್ಪುಜನ, ಮೂಲನಿವಾಸಿಗಳು, ಏಷ್ಯನ್ನರು, ಪೆಸಿಫಿಕ್ ದ್ವೀಪದವರು, 'ಬೇರೆ ಜನಾಂಗ', ಒಂದಕ್ಕಿಂತ ಜಾಸ್ತಿ ಜನಾಂಗದವರು, ಇವೆಲ್ಲ ಕೂಡಿದರೆ 100%. ಅದರ ಕೆಳಗೆ ಹಿಸ್ಪಾನಿಕ್ (ಮೆಕ್ಸಿಕೊದಂಥ ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದವರು) ಅಂತ ಇನ್ನೊಂದು ಸಾಲು. ಅದನ್ನೂ ಕೂಡಿದರೆ 100 ದಾಟುತ್ತದೆ. ಲೆಕ್ಕ ತಪ್ಪಿದೆ ಅಂತ ನಾಲ್ಕು ಸಲ ಕೂಡಿ ನೋಡಿದೆ.

ತಪ್ಪಿಲ್ಲ. ಅದು ಬೇರೆಯೇ ಪ್ರಶ್ನೆ. 2000ದಿಂದ 2020ರವರೆಗಿನ ಎಣಿಕೆಗಳಲ್ಲಿ ಮೊದಲು 'ನೀವು ಹಿಸ್ಪಾನಿಕ್ ಮೂಲದವರಾ?' ಅಂತ ಕೇಳಿ, ಆಮೇಲೆ ಜನಾಂಗ ಕೇಳುತ್ತಿದ್ದರು. ಪ್ರತಿಯೊಬ್ಬರೂ ಎರಡಕ್ಕೂ ಉತ್ತರ ಕೊಡಬೇಕು.

ನನಗೆ ಹೊಳೆದ ಸುಲಭ ದಾರಿ ಇದು. ನಮ್ಮ ಹಳ್ಳಿಯ ಜನಗಣತಿ ಪಟ್ಟಿ ನೆನಪಿಸಿಕೊಳ್ಳಿ. ಗಂಡಸರು, ಹೆಂಗಸರು ಅಂತ ಇರುತ್ತದೆ, ಪಕ್ಕದಲ್ಲಿ ಪರಿಶಿಷ್ಟ ಜಾತಿಯವರ ಸಂಖ್ಯೆ ಇರುತ್ತದೆ. ಮೂರನ್ನೂ ಕೂಡಿ ಊರಿನ ಜನಸಂಖ್ಯೆ ಅಂತೀವಾ? ಇಲ್ಲ, ಅಲ್ವಾ? ಅದೇ ಜನರನ್ನು ಇನ್ನೊಂದು ಕಡೆಯಿಂದ ಎಣಿಸಿದ್ದಾರೆ ಅಷ್ಟೇ.

ಈಗ ಲೆಕ್ಕ ಮಾಡೋಣ. ಒಂದು ಊರಲ್ಲಿ 200 ಜನ ಅಂದುಕೊಳ್ಳಿ. ಬಿಳಿಯರು 180, ಮೂಲನಿವಾಸಿಗಳು 12, ಬೇರೆ ಜನಾಂಗ 8. ಅಲ್ಲಿಗೆ 200 ಮುಗಿಯಿತು. ಹಿಸ್ಪಾನಿಕ್ 30 ಅಂದರೆ ಆ 30 ಜನ ಈ 200ರ ಒಳಗೇ ಇದ್ದಾರೆ: 22 ಜನ 'ಬಿಳಿ' ಅಂತ ಬರೆಸಿದ್ದಾರೆ, 8 ಜನ 'ಬೇರೆ' ಅಂತ. ಹಾಗಾದರೆ ಹಿಸ್ಪಾನಿಕ್ ಅಲ್ಲದ ಬಿಳಿಯರು 180ರಲ್ಲಿ 22 ಕಳೆದು 158. ಅದೇ ಊರಲ್ಲಿ ಬಿಳಿಯರು 90% ಅಂತಲೂ ಬರೆಯಬಹುದು, 79% ಅಂತಲೂ ಬರೆಯಬಹುದು, ಎರಡೂ ಸರಿ. ಬೇಕಾಗಿರುವುದು ಎಲ್ಲ ಬಿಳಿಯರ ಸಂಖ್ಯೆಯಾ, ಹಿಸ್ಪಾನಿಕ್ ಅಲ್ಲದ ಬಿಳಿಯರದ್ದಾ ಅಂತ ಎರಡು ಸಲ ನೋಡಿ. 2024ರಲ್ಲಿ ನಿಯಮ ತಿದ್ದಿ ಎರಡನ್ನೂ ಒಂದೇ ಪ್ರಶ್ನೆ ಮಾಡಿದ್ದಾರೆ, ಆದರೆ ಹಳೆಯ ಪಟ್ಟಿಗಳಿಗೆ ಈ ಲೆಕ್ಕವೇ ಬೇಕು.

ಇನ್ನೊಂದು ಮಾತು, ಓದಿ ನನಗೆ ಬೇಜಾರಾಯಿತು. 1920, 1930, 1940ರ ಎಣಿಕೆಯಲ್ಲಿ 'ಹಿಂದೂ' ಅನ್ನುವುದು ಒಂದು ಜನಾಂಗ! ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿನ ಸಿಖ್ಖರೂ ಅದರಲ್ಲೇ ಬರುತ್ತಿದ್ದರು. 1980ರಲ್ಲಿ 'ಏಷ್ಯನ್ ಇಂಡಿಯನ್' ಅಂತ ಬೇರೆ ಖಾನೆ ಬಂತು. ಅಲ್ಲಿರುವ ನಮ್ಮ ಕನ್ನಡದವರೂ ಹೆಚ್ಚಾಗಿ ಅದರಲ್ಲೇ ಗುರುತು ಹಾಕುವುದು. ಜನಾಂಗದ ಖಾನೆಗಳನ್ನು ಮನುಷ್ಯರೇ ಮಾಡುತ್ತಾರೆ, ಮನುಷ್ಯರೇ ಬದಲಿಸುತ್ತಾರೆ.

ಆದಾಯ

ಇದು ಸುಲಭ. ಮನೆ ಆದಾಯಕ್ಕೆ ಹೆಚ್ಚಾಗಿ ಮಧ್ಯಾಂಕ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ) ಕೊಡುತ್ತಾರೆ, ಸರಾಸರಿ ಅಲ್ಲ. ಐದು ಮನೆಗಳ ಆದಾಯ 20, 30, 40, 50, 300 ಸಾವಿರ ಡಾಲರ್ ಇದ್ದರೆ ಸರಾಸರಿ 88 ಸಾವಿರ, ಮಧ್ಯಾಂಕ 40 ಸಾವಿರ. ತಲಾ ಆದಾಯಕ್ಕೆ ಮಕ್ಕಳನ್ನೂ ಸೇರಿಸಿ ಭಾಗಿಸುತ್ತಾರೆ, ಅದಕ್ಕೇ ಅದು ತೀರಾ ಕಡಿಮೆ ಕಾಣುತ್ತದೆ. 2010ರಿಂದ ಹತ್ತು ವರ್ಷದ ಎಣಿಕೆಯಲ್ಲಿ ಆದಾಯ ಕೇಳುವುದಿಲ್ಲ. ಅದಕ್ಕೆ ಬೇರೆ ಸಮೀಕ್ಷೆ ಇದೆ. ಅದರಲ್ಲಿ ಕೆಲವೇ ಮನೆಗಳನ್ನು ಕೇಳಿ, ಸಣ್ಣ ಊರಾದರೆ ಐದು ವರ್ಷದ ಉತ್ತರಗಳನ್ನು ಒಟ್ಟು ಮಾಡುತ್ತಾರೆ. ಅದಕ್ಕೇ ಪಕ್ಕದಲ್ಲಿ ± ಹಾಕಿ ಇನ್ನೊಂದು ಅಂಕಿ ಇರುತ್ತದೆ. 40 ಸಾವಿರದ ಪಕ್ಕ ±15 ಸಾವಿರ ಅಂತಿದ್ದರೆ ನಿಜವಾದ ಮಧ್ಯಾಂಕ 25ರಿಂದ 55 ಸಾವಿರದೊಳಗೆ ಎಲ್ಲಾದರೂ ಇರಬಹುದು. ಅಂಥ ಎರಡು ಊರುಗಳನ್ನು ಹೋಲಿಸಿ 'ಇದು ಬಡ ಊರು, ಅದು ಶ್ರೀಮಂತ ಊರು' ಅಂತ ತೀರ್ಮಾನ ಮಾಡಬೇಡಿ.