ಫ್ರೀ ಶಿಬಿರಕ್ಕೆ ಮಗನನ್ನು ಒಬ್ಬನೇ ಕಳಿಸಬಹುದಾ?

ಪ್ರಶ್ನೆ: ಮಗನಿಗೆ ಹತ್ತು ವರ್ಷ. ಆಟಿಸಂ ಇದೆ, ಯಾವಾಗಲಾದರೂ ಫಿಟ್ಸ್ ಬರುತ್ತದೆ. ನಾವು ಹುಬ್ಬಳ್ಳಿಯವರು, ಇಬ್ಬರೂ ದಿನಗೂಲಿ. ಸಂಸ್ಥೆಯೊಂದು ಬೇಸಿಗೆ ರಜೆಗೆ ಐದು ದಿನದ ಉಚಿತ ಶಿಬಿರಕ್ಕೆ ಕರೆದಿದೆ, ಊಟ ವಸತಿ ಅವರದೇ. ಕಳಿಸಬಹುದಾ?

ಕಳಿಸಬಹುದು ಅಕ್ಕಾ. ಆದರೆ ಅವರು ಏನೇನು ಕೊಡುತ್ತಾರೆ ಅನ್ನೋದಕ್ಕಿಂತ ನಿಮ್ಮನ್ನು ಏನೇನು ಕೇಳಿದರು ಅನ್ನೋದನ್ನು ನೋಡಿ. ಹೆಸರು, ವಯಸ್ಸು, ಆಧಾರ್ ಜೆರಾಕ್ಸ್ ಇಷ್ಟೇ ತಗೊಂಡು "ಕಳಸ್ರೀ, ನಾವು ನೋಡ್ಕೋತೀವಿ" ಅಂದರೆ ನಾನಂತೂ ಕಳಿಸಲ್ಲ. ಈ ಕೆಲಸ ಗೊತ್ತಿದ್ದವರು ತಲೆ ತಿನ್ನುವಷ್ಟು ಕೇಳುತ್ತಾರೆ: ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನೆ, ಶೌಚಕ್ಕೆ ಹೇಗೆ ಹೇಳುತ್ತಾನೆ, ರೊಟ್ಟಿ ಬಿಟ್ಟು ಬೇರೆ ತಿನ್ನುತ್ತಾನಾ, ರಾತ್ರಿ ಎದ್ದು ಓಡಾಡುತ್ತಾನಾ. ಯಾಕಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ 21 ಬಗೆಯ ವೈಕಲ್ಯ ಇವೆ. ಗಾಲಿಕುರ್ಚಿಯ ಹುಡುಗಿಗೆ ಅಗಲವಾದ ಬಾಗಿಲಿನ ಶೌಚಾಲಯ ಬೇಕು, ಕಿವಿ ಕೇಳದ ಹುಡುಗನಿಗೆ ಸನ್ನೆ ಭಾಷೆ ಬಲ್ಲವರು ಬೇಕು, ನಿಮ್ಮ ಮಗನಿಗೆ ಮೈಕಿನ ಗದ್ದಲವಿಲ್ಲದ ಒಂದು ಕೋಣೆ ಬೇಕು. ಎಲ್ಲರಿಗೂ ಒಂದೇ ವ್ಯವಸ್ಥೆ ಸಾಕು ಅನ್ನುವವರು ಉದ್ಘಾಟನೆಗೆ ಶಾಲು-ಹಾರ ಮಾತ್ರ ಸರಿಯಾಗಿ ತಂದಿರುತ್ತಾರೆ.

ಈಗ ನೀವು ಕೇಳಬೇಕಾದದ್ದು. ಮೊದಲು ಫಿಟ್ಸ್. ಬಂದರೆ ಏನು ಮಾಡ್ತೀರಿ ಅಂತ ನೇರವಾಗಿ ಕೇಳಿ. "ಕೈಗೆ ಕಬ್ಬಿಣ ಕೊಡ್ತೀವಿ" ಅಂದರೆ ಮಾತು ಅಲ್ಲಿಗೇ ಮುಗಿಯಿತು. ಮಗ್ಗುಲಾಗಿ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕು. ಒಂದು ಹೊತ್ತಿನ ಮಾತ್ರೆ ತಪ್ಪಿದರೂ ಫಿಟ್ಸ್ ಬರಬಹುದು, ಹೊಸ ಜಾಗದಲ್ಲಿ ನಿದ್ದೆಗೆಟ್ಟರೂ ಬರಬಹುದು, ಹಾಗಾಗಿ ಮಾತ್ರೆಯನ್ನು ಯಾರು, ಎಷ್ಟು ಗಂಟೆಗೆ ಕೊಡುತ್ತಾರೆ ಅಂತ ಬರೆಸಿಕೊಳ್ಳಿ, ಡಾಕ್ಟರ ಚೀಟಿಯ ಜೆರಾಕ್ಸ್ ಕೊಟ್ಟುಬಿಡಿ.

ಆಮೇಲೆ ನೀರು. ಇದನ್ನು ಜಾಸ್ತಿ ಜನ ಕೇಳೋದೇ ಇಲ್ಲ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ನೀರು ಅಂದರೆ ಬಲು ಇಷ್ಟ, ಕೈ ಬಿಡಿಸಿಕೊಂಡು ಓಡುವ ಅಭ್ಯಾಸವೂ ಇರುತ್ತದೆ, ಮುಳುಗುವ ಅಪಾಯ ಇವರಿಗೆ ಬೇರೆ ಮಕ್ಕಳಿಗಿಂತ ಬಹಳ ಹೆಚ್ಚು. ಉಣಕಲ್ ಕೆರೆಗೋ ಕೆಲಗೇರಿ ಕೆರೆಗೋ ಪಿಕ್ನಿಕ್ ಇದ್ದರೆ ಇವನ ಪಕ್ಕದಲ್ಲೇ ಇರೋದಕ್ಕೆ ಒಬ್ಬರು ಬೇಕು, "ನಾವೆಲ್ಲಾ ಇರ್ತೀವಿ" ಅಂದರೆ ಸಾಲದು. ಗದಗಿನ ಬಿಂಕದಕಟ್ಟಿ ಝೂ ಅಂದರೆ ಸ್ವಲ್ಪ ನಿರಾಳ, ಆದರೂ ಏಪ್ರಿಲ್ ಬಿಸಿಲು, ಬೆಳಿಗ್ಗೆಯೇ ಮುಗಿಸುತ್ತಾರಾ ಕೇಳಿ.

ರಾತ್ರಿ ಜೊತೆಗೆ ಯಾರು ಮಲಗುತ್ತಾರೆ, ಸ್ನಾನ ಯಾರು ಮಾಡಿಸುತ್ತಾರೆ, ಅವರ ಪೊಲೀಸ್ ವೆರಿಫಿಕೇಶನ್ ಆಗಿದೆಯಾ ಅಂತ ಕೇಳೋಕೆ ಸಂಕೋಚ ಬೇಡ. ಫ್ರೀ ಅಂತ ಬಾಯಿ ಮುಚ್ಚಿಕೊಂಡಿರಬೇಕಾ? ದಾನಿಗಳ ಫ್ಲೆಕ್ಸಿನಲ್ಲಿ ಮಗನ ಫೋಟೊ ಬೇಡ ಅಂದರೆ ಬೇಡ, ಅಷ್ಟೇ. ಏನಾದರೂ ಅನುಮಾನ ಬಂದರೆ 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ, ದುಡ್ಡಿಲ್ಲ.

ಇಷ್ಟೆಲ್ಲಾ ಕೇಳಿಯೂ ಮನಸ್ಸು ಒಪ್ಪದಿದ್ದರೆ ಮೊದಲ ವರ್ಷ ಹಗಲು ಮಾತ್ರ ಬಿಡ್ತೀವಿ, ಸಂಜೆ ಕರೆದುಕೊಂಡು ಹೋಗ್ತೀವಿ ಅನ್ನಿ. ಶಿಬಿರ ದೂರ ಇದ್ದರೆ ಅವನ ಅಕ್ಕನೋ ಅಣ್ಣನೋ ಜೊತೆಗೆ ಬರಬಹುದಾ ಕೇಳಿ, ರಜೆಯಲ್ಲಿ ಅವರಿಗೂ ಎಲ್ಲಿಗಾದರೂ ಹೋಗಬೇಕು ಅಲ್ವಾ. ಆದರೆ ತಮ್ಮನನ್ನು ನೋಡಿಕೊಳ್ಳುವ ಕೆಲಸ ಆ ಮಗುವಿನ ತಲೆಗೆ ಕಟ್ಟಬೇಡಿ ಅಂತಲೂ ಸಂಸ್ಥೆಯವರಿಗೆ ಮೊದಲೇ ಹೇಳಿಬಿಡಿ.