ಮೆಣಸಿನ ದಾರಿಯನ್ನು ತುರ್ಕರು ಮುಚ್ಚಿದರೇ?

1453ರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದರು, ಅದರಿಂದ ಏಷ್ಯಾದ ವ್ಯಾಪಾರಮಾರ್ಗ ಮುಚ್ಚಿಹೋಯಿತು, ಆದ್ದರಿಂದ ಯುರೋಪಿಯನ್ನರು ಹೊಸ ಜಲಮಾರ್ಗ ಹುಡುಕಲು ಹೊರಟರು ಎಂಬ ವಿವರಣೆಯನ್ನು ನಮ್ಮಲ್ಲಿ ಬಹುಮಂದಿ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಇಸವಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಈ ವಿವರಣೆ ನಿಲ್ಲುವುದಿಲ್ಲ. ಪೋರ್ಚುಗೀಸರು ಉತ್ತರ ಆಫ್ರಿಕದ ಸಿಯೂಟಾ ಬಂದರನ್ನು ಹಿಡಿದದ್ದು 1415ರಲ್ಲಿ. ಅವರ ನಾವಿಕ ಗಿಲ್ ಇಯಾನಿಶ್ ಸಹಾರಾ ತೀರದ ಬೊಜಾದೋರ್ ಭೂಶಿರವನ್ನು ದಾಟಿದ್ದು 1434ರಲ್ಲಿ. ಕಾನ್‌ಸ್ಟಾಂಟಿನೋಪಲ್ ಬೀಳಲು ಆಗಿನ್ನೂ 19 ವರ್ಷ ಬಾಕಿಯಿತ್ತು. ಅವರನ್ನು ಮೊದಲು ದಕ್ಷಿಣಕ್ಕೆ ಎಳೆದದ್ದು ಆಫ್ರಿಕದ ಚಿನ್ನ. ಗುಲಾಮರ ವ್ಯಾಪಾರವೂ ಬಹುಬೇಗ ಅದರ ಜೊತೆ ಸೇರಿಕೊಂಡಿತು.

ಇನ್ನು ಮೆಣಸಿನ ಮಾತು. ಮಲಬಾರಿನ ಕಾಳುಮೆಣಸು ಯುರೋಪಿಗೆ ಹೋಗುತ್ತಿದ್ದ ಮುಖ್ಯ ದಾರಿಯಲ್ಲಿ ಕಾನ್‌ಸ್ಟಾಂಟಿನೋಪಲ್ ಇರಲೇ ಇಲ್ಲ. ಕಲ್ಲಿಕೋಟೆಯಲ್ಲಿ ಹಡಗೇರಿದ ಸರಕು ಏಡನ್ ಮತ್ತು ಕೆಂಪು ಸಮುದ್ರದ ಮೂಲಕ ಕೈರೋ ತಲುಪಿ, ಅಲ್ಲಿಂದ ಅಲೆಕ್ಸಾಂಡ್ರಿಯಾದಲ್ಲಿ ವೆನಿಸ್ ವರ್ತಕರ ಕೈಸೇರುತ್ತಿತ್ತು. ಈಜಿಪ್ಟ್ ಆಗ ಮಾಮ್ಲೂಕ್ ಸುಲ್ತಾನರದು. ಅವರಲ್ಲೊಬ್ಬನಾದ ಬರ್ಸ್‌ಬಾಯ್ 1420ರ ದಶಕದಲ್ಲಿ ಮೆಣಸಿನ ಮಾರಾಟವನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿದ್ದ. ದಾರಿ ತೆರೆದೇ ಇತ್ತು. ಆದರೆ ಅದರ ಲಾಭವೆಲ್ಲ ಕೈರೋ ಮತ್ತು ವೆನಿಸ್ ನಡುವೆ ಹಂಚಿಹೋಗುತ್ತಿತ್ತು. ಆ ಪಾಲಿನ ಮೇಲೆ ಪೋರ್ಚುಗಲ್ಲಿನ ದೊರೆ ಎರಡನೆಯ ಜೊವಾವ್ ಕಣ್ಣಿಟ್ಟ. ಅವನು ಕಳುಹಿಸಿದ ಬಾರ್ತೊಲೊಮೆಯು ದಿಯಾಸ್ 1488ರಲ್ಲಿ ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿದ. ಅದೇ ಹೊತ್ತಿಗೆ ಕೈರೋ ದಾರಿಯಿಂದ ಹೊರಟಿದ್ದ ಅವನ ಇನ್ನೊಬ್ಬ ದೂತ ಪೇರೊ ದ ಕೊವಿಲ್ಹಾ ಕಣ್ಣೂರು, ಕಲ್ಲಿಕೋಟೆ, ಗೋವಾಗಳನ್ನು ಕಣ್ಣಾರೆ ನೋಡಿದ.

1497ರ ಜುಲೈ 8ರಂದು ನಾಲ್ಕು ಹಡಗುಗಳೊಡನೆ ಲಿಸ್ಬನ್ ಬಿಟ್ಟ ವಾಸ್ಕೊ ಡ ಗಾಮನ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಗಾಳಿ. ಪೂರ್ವ ಆಫ್ರಿಕದ ಮಾಲಿಂದಿಯಲ್ಲಿ ಅವನಿಗೆ ಅರಬ್ಬೀ ಸಮುದ್ರ ಬಲ್ಲ ಮಾರ್ಗದರ್ಶಕನೊಬ್ಬ ಸಿಕ್ಕಿದ. ಅವನು ಗುಜರಾತಿನವನೆಂದು ಹಳೆಯ ಪೋರ್ಚುಗೀಸ್ ಬರಹಗಳು ಹೇಳುತ್ತವೆ. 1498ರ ಏಪ್ರಿಲ್ 24ರಂದು ಹೊರಟ ಹಡಗುಗಳು ಮುಂಗಾರಿಗೆ ಮುಂಚಿನ ಗಾಳಿ ಹಿಡಿದು ಮೇ 20ಕ್ಕೆಲ್ಲ ಕಲ್ಲಿಕೋಟೆಯ ಬಳಿ ಲಂಗರು ಹಾಕಿದವು.

ಮರಳುವಾಗ ಮಾತ್ರ ಅಂಥ ಬಲ್ಲವನ ಮಾತು ಜೊತೆಗಿರಲಿಲ್ಲ. ಕಲ್ಲಿಕೋಟೆಯ ದೊರೆ ಸಾಮೂದಿರಿಯೊಂದಿಗೆ ಮನಸ್ತಾಪವಾಗಿ ಆಗಸ್ಟ್ ಕೊನೆಗೆ ಹೊರಟ ಗಾಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ತಂಗಿ, ಹಡಗುಗಳನ್ನು ದಡಕ್ಕೆಳೆದು ತಳ ತೊಳೆಸಿ, ಸಿಹಿನೀರು ತುಂಬಿಸಿಕೊಂಡು ಅಕ್ಟೋಬರ್ 5ರಂದು ಸಮುದ್ರಕ್ಕಿಳಿದ. ಭಾರತದಿಂದ ಆಫ್ರಿಕದ ಕಡೆಗೆ ಬೀಸುವ ಈಶಾನ್ಯ ಮಾರುತ ನೆಲೆಗೊಳ್ಳುವವರೆಗೆ ಇನ್ನೂ ಕೆಲವು ವಾರ ಕಾಯಬೇಕಿತ್ತು. ಅರಬ್ಬರಿಗೂ ಗುಜರಾತಿಗಳಿಗೂ ಶತಮಾನಗಳಿಂದ ಗೊತ್ತಿದ್ದ ಈ ಕಾಲನಿಯಮವನ್ನು ಮೀರಿದ್ದಕ್ಕೆ, ಹೋಗುವಾಗ ನಾಲ್ಕು ವಾರವೂ ಹಿಡಿಯದ ದಾಟುವಿಕೆಗೆ ಈಗ ಮೂರು ತಿಂಗಳು ಹಿಡಿಯಿತು. ಗಾಳಿ ಒಮ್ಮೆ ಎದುರಾಗಿ ಬೀಸುತ್ತಿತ್ತು, ಒಮ್ಮೆ ಪೂರ್ತಿ ನಿಂತುಬಿಡುತ್ತಿತ್ತು. ತಾಜಾ ಹಣ್ಣು ತರಕಾರಿಯಿಲ್ಲದೆ ಬರುವ ಸ್ಕರ್ವಿ ರೋಗ ತಗಲಿದವರ ವಸಡುಗಳು ಹಲ್ಲುಗಳ ಮೇಲೆ ಬೆಳೆದು ಅನ್ನ ಅಗಿಯಲಾಗಲಿಲ್ಲ, ಕಾಲುಗಳು ಊದಿಕೊಂಡವು ಎಂದು ಆ ಯಾನದಲ್ಲಿದ್ದವನೊಬ್ಬ ದಿನಚರಿಯಲ್ಲಿ ಬರೆದಿದ್ದಾನೆ. ಆ ಒಂದೇ ದಾಟುವಿಕೆಯಲ್ಲಿ 30 ಮಂದಿ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಜನ ಉಳಿದಿದ್ದರು. ನಡೆಸಲು ಆಳಿಲ್ಲದೆ ಸಾವೊ ರಫಾಯೆಲ್ ಹಡಗನ್ನು ಆಫ್ರಿಕದ ತೀರದಲ್ಲಿ ಸುಟ್ಟುಹಾಕಬೇಕಾಯಿತು. ಇದನ್ನು ಓದಿದ ಮೇಲೆ "ಜಲಮಾರ್ಗ ಕಂಡುಹಿಡಿದ" ಎಂಬ ಮಾತನ್ನು ಹಾಗೆಯೇ ಬಳಸಲು ನನಗೆ ಮನಸ್ಸಾಗುವುದಿಲ್ಲ. ಆಫ್ರಿಕವನ್ನು ಬಳಸಿ ಬರುವ ದಾರಿ ಪೋರ್ಚುಗೀಸರದೇ ಸಾಧನೆ, ನಿಜ. ಮಾಲಿಂದಿಯಿಂದ ಈಚೆಗಿನದು ಬೇರೆಯವರು ವರ್ಷವರ್ಷವೂ ಓಡಾಡುತ್ತಿದ್ದ ದಾರಿ.

ಆ ದಾರಿಯನ್ನು ಪೋರ್ಚುಗೀಸರು ಮುಂದೆ ಬಲದಿಂದ ಹಿಡಿಯಲು ನೋಡಿದರು. 1510ರಲ್ಲಿ ಅವರ ಸೇನಾನಿ ಆಲ್ಬುಕರ್ಕ್ ಹೊನ್ನಾವರದ ತಿಮ್ಮೋಜನ ನೆರವಿನಿಂದ ಗೋವಾ ಗೆದ್ದ. 'ಕರ್ತಾಜ್' ಎಂಬ ರಹದಾರಿ ಕೊಳ್ಳದ ಹಡಗುಗಳನ್ನು ಸಮುದ್ರದಲ್ಲೇ ವಶಪಡಿಸಿಕೊಳ್ಳಲಾಗುತ್ತಿತ್ತು. ಆದರೆ ಕೆಂಪು ಸಮುದ್ರದ ಬಾಗಿಲಾದ ಏಡನ್ ಮೇಲೆ 1513ರಲ್ಲಿ ಮಾಡಿದ ದಾಳಿ ವಿಫಲವಾಯಿತು, ಹಳೆಯ ದಾರಿ ಜೀವ ಉಳಿಸಿಕೊಂಡಿತು. 1517ರಲ್ಲಿ ತುರ್ಕರು ಈಜಿಪ್ಟನ್ನು ಗೆದ್ದರು. 1560ರ ದಶಕದ ಹೊತ್ತಿಗೆ, ಗಾಮ ಬರುವ ಮುಂಚೆ ಹೋಗುತ್ತಿದ್ದಷ್ಟೇ ಮೆಣಸು ಮತ್ತೆ ಅಲೆಕ್ಸಾಂಡ್ರಿಯಾದಿಂದ ವೆನಿಸ್ಸಿಗೆ ಹೋಗುತ್ತಿತ್ತು, ತುರ್ಕರ ಆಳ್ವಿಕೆಯಲ್ಲೇ.