ಹಳೆ ಟೀವಿಯನ್ನು ಕೈಬಿಡದೆ ಬಂದ ಬಣ್ಣ

ಮೂವತ್ತು ವರ್ಷಕ್ಕೂ ಹಿಂದಿನ ಮಾತು. ಒಬ್ಬ ಹಿರಿಯರು ನನ್ನ ರಿಪೇರಿ ಅಂಗಡಿಗೆ ಆಟೋದಲ್ಲಿ ಒಂದು ಕಲರ್ ಟೀವಿ ತಂದರು. ಅವರ ಮಗ ಅಮೆರಿಕದಿಂದ ಊರಿಗೆ ಮರಳುವಾಗ ಮನೆ ಸಾಮಾನಿನ ಜೊತೆ ತಂದಿದ್ದನಂತೆ. ಸೆಟ್ಟಿನ ಮೇಲೆ ಒಂದು ಗೀರೂ ಇರಲಿಲ್ಲ. 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಕೊಟ್ಟು, ಆಂಟೆನಾ ಸಿಕ್ಕಿಸಿ ದೂರದರ್ಶನ ಹಿಡಿದೆ. ಚಿತ್ರ ಒಂದೇ ಸಮನೆ ಉರುಳುತ್ತಿತ್ತು. ಧ್ವನಿ ಇಲ್ಲ. ವರ್ಟಿಕಲ್ ಹೋಲ್ಡ್ ಸ್ವಲ್ಪ ತಿರುಗಿಸಿದೆ, ಚಿತ್ರ ನಿಂತಿತು. ಆದರೆ ಪೂರ್ತಿ ಕಪ್ಪು-ಬಿಳುಪು. “ಇದು ಕಲರ್ ಅಲ್ವಾ? ಬಣ್ಣ ಎಲ್ಲಿ ಹೋಯಿತು?” ಎಂದು ಅವರು ಕೇಳಿದರು.

ಸೆಟ್ಟು ಕೆಟ್ಟಿರಲಿಲ್ಲ. ಅಮೆರಿಕದ ಟೀವಿ ಬಣ್ಣವನ್ನು 3.58 ಮೆಗಾಹರ್ಟ್ಸ್ ಹತ್ತಿರ ಹುಡುಕುತ್ತದೆ. ನಮ್ಮ ದೂರದರ್ಶನ ಅದನ್ನು 4.43ರಲ್ಲಿ ಕಳಿಸುತ್ತಿತ್ತು. ಬಣ್ಣದ ಸುಳಿವು ಸಿಗದಿದ್ದರೆ ಸೆಟ್ಟಿನೊಳಗಿನ ಒಂದು ಸಣ್ಣ ಸರ್ಕ್ಯೂಟ್ ಬಣ್ಣದ ಬಾಗಿಲು ಮುಚ್ಚಿಬಿಡುತ್ತದೆ. ಬೆಳಕು-ನೆರಳಿನ ಚಿತ್ರ ಮಾತ್ರ ಪರದೆಗೆ ಬರುತ್ತದೆ. ನಮ್ಮ ಕೆಲಸದಲ್ಲಿ ಅದನ್ನು ಕಲರ್ ಕಿಲ್ಲರ್ ಅನ್ನುತ್ತೇವೆ. ಅದಿಲ್ಲದಿದ್ದರೆ ಹಳೆಯ ಕಪ್ಪು-ಬಿಳುಪು ಸಿನಿಮಾದ ಮೇಲೂ ಸುಮ್ನೆ ಬಣ್ಣದ ಚುಕ್ಕೆಗಳು ಕುಣಿಯುತ್ತಿದ್ದವು.

ಆ ಸೆಟ್ಟಿಗೆ ನಮ್ಮ ದೂರದರ್ಶನದ ಬಣ್ಣದ ಪದ್ಧತಿಯಾದ ಪಾಲ್‌ನ ಬೋರ್ಡ್ ಕೂರಿಸಿ, ಧ್ವನಿಯ ಭಾಗವನ್ನೂ ನಮ್ಮ ಪದ್ಧತಿಗೆ ಬದಲಿಸಿ ಕೊಟ್ಟೆ. ಕೆಲಸ ಮುಗಿದರೂ ಆ ಸರ್ಕ್ಯೂಟ್ ಮನಸ್ಸಿನಿಂದ ಹೋಗಲಿಲ್ಲ. ಕಲರ್ ಟೀವಿಗೆ ಕಪ್ಪು-ಬಿಳುಪನ್ನು ಇಷ್ಟು ಜತನದಿಂದ ತೋರಿಸಲು ಕಲಿಸಿದವರು ಯಾರು? ಉತ್ತರ 1950ರ ದಶಕದ ಅಮೆರಿಕದಲ್ಲಿದೆ. ಅಲ್ಲಿ ಬಣ್ಣ ತರುವುದಕ್ಕಿಂತ, ಹಳೆಯ ಸೆಟ್ಟುಗಳ ಜೊತೆ ಅದನ್ನು ಹೊಂದಿಸುವುದೇ ದೊಡ್ಡ ಜಗಳವಾಗಿತ್ತು.

ಮೊದಲು ಗೆದ್ದದ್ದು ಹೊಂದದ ಪದ್ಧತಿ. ಸಿಬಿಎಸ್ ಜಾಲದ ಎಂಜಿನಿಯರ್ ಪೀಟರ್ ಗೋಲ್ಡ್‌ಮಾರ್ಕ್ ಕ್ಯಾಮೆರಾದ ಮುಂದೆ ಕೆಂಪು, ನೀಲಿ, ಹಸಿರು ಫಿಲ್ಟರ್‌ಗಳ ಚಕ್ರ ತಿರುಗಿಸಿದರು. ಮನೆಯ ಸೆಟ್ಟಿನ ಮುಂದೆಯೂ ಅಂಥದ್ದೇ ಚಕ್ರ. ಎರಡೂ ಹೆಜ್ಜೆ ತಪ್ಪದೆ ತಿರುಗಿದರೆ ಮೂರು ಬಣ್ಣದ ಚಿತ್ರಗಳು ಕಣ್ಣಿನಲ್ಲಿ ಒಂದಾಗುತ್ತವೆ. ಬಣ್ಣ ತುಂಬ ಚೆನ್ನಾಗಿತ್ತು ಎಂದು ಆಗ ನೋಡಿದವರು ಹೇಳಿದ್ದಾರೆ. ನಾನು ಅದನ್ನು ನಂಬುತ್ತೇನೆ, ಯಾಕೆಂದರೆ ಒಂದೇ ಟ್ಯೂಬಿನಿಂದ ಮೂರೂ ಬಣ್ಣ ಬಂದರೆ ಒಂದರ ಮೇಲೊಂದು ಕೂರಿಸುವ ತಾಪತ್ರಯವೇ ಇಲ್ಲ. 1950ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಪರ್ಕ ನಿಯಂತ್ರಣ ಆಯೋಗ ಎಫ್‌ಸಿಸಿ ಈ ಪದ್ಧತಿಗೆ ಒಪ್ಪಿಗೆ ಕೊಟ್ಟಿತು.

ತೊಂದರೆ ಲೆಕ್ಕದಲ್ಲಿತ್ತು. ಆಗಿನ ಸೆಟ್ಟುಗಳಿಗೆ ಗೊತ್ತಿದ್ದದ್ದು ಚಿತ್ರಕ್ಕೆ 525 ಗೆರೆ, ಸೆಕೆಂಡಿಗೆ 60 ಫೀಲ್ಡ್. ಫೀಲ್ಡ್ ಅಂದರೆ ಗೆರೆ ಬಿಟ್ಟು ಗೆರೆ ಬಿಡಿಸಿದ ಅರ್ಧ ಚಿತ್ರ. ಚಕ್ರದ ಪದ್ಧತಿಯದ್ದು 405 ಗೆರೆ, 144 ಫೀಲ್ಡ್. ಹಳೆಯ ಸೆಟ್ಟಿನಲ್ಲಿ ಅದನ್ನು ಹಿಡಿದರೆ ಕಾಣುವುದು ಅರ್ಥವಿಲ್ಲದ ಗೆರೆಗಳು. ಪರದೆ ದೊಡ್ಡದು ಬೇಕೆಂದರೆ ಚಕ್ರ ಅದರ ಎರಡರಷ್ಟಕ್ಕಿಂತ ಜಾಸ್ತಿ ಅಗಲ ಬೇಕು. ನಡುಮನೆಯಲ್ಲಿ ನಾಲ್ಕಡಿಗೂ ಮೀರಿದ ಚಕ್ರ ತಿರುಗುವುದನ್ನು ಊಹಿಸಿಕೊಳ್ಳಿ. 1951ರ ಜೂನ್ 25ರಂದು ಸಿಬಿಎಸ್ ನ್ಯೂಯಾರ್ಕ್‌ನಿಂದ ಪೂರ್ವ ಕರಾವಳಿಯ ನಗರಗಳಿಗೆ ಮೊದಲ ವಾಣಿಜ್ಯ ಬಣ್ಣದ ಪ್ರಸಾರ ಮಾಡಿತು. ಹೆಸರಾಂತ ಕಲಾವಿದರು ಬಂದರು, ಜಾಹೀರಾತುದಾರರು ಬಂದರು. ಆದರೆ ದೇಶದಲ್ಲಿ ಅಷ್ಟರಲ್ಲಿ ಒಂದು ಕೋಟಿಗೂ ಹೆಚ್ಚು ಟೀವಿಗಳಿದ್ದವು, ಅವುಗಳಲ್ಲಿ ಹೆಚ್ಚುಕಡಿಮೆ ಯಾವುದರಲ್ಲೂ ಅದು ಕಾಣಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಕೊರಿಯಾ ಯುದ್ಧದ ಕಾರಣಕ್ಕೆ ಬಣ್ಣದ ಸೆಟ್ ತಯಾರಿಕೆಯನ್ನು ಸರ್ಕಾರ ನಿಲ್ಲಿಸಲು ಹೇಳಿತು. ಚಕ್ರ ಮನೆಗಳಿಗೆ ಮತ್ತೆ ಬರಲೇ ಇಲ್ಲ. ಆದರೆ ಆ ಕಲ್ಪನೆ ಸಾಯಲಿಲ್ಲ. 1969ರಲ್ಲಿ ಅಪೋಲೊ 10 ಒಯ್ದ ಬಣ್ಣದ ಕ್ಯಾಮೆರಾದಲ್ಲಿ ತಿರುಗುತ್ತಿದ್ದದ್ದು ಅಂಥದ್ದೇ ಬಣ್ಣದ ಚಕ್ರ.

ಎದುರು ಪಾಳಯದಲ್ಲಿದ್ದವರು ಡೇವಿಡ್ ಸಾರ್ನಾಫ್. ಟೀವಿ ಸೆಟ್ ಮಾಡುವ ಆರ್‌ಸಿಎ ಕಂಪನಿಯ ಮುಖ್ಯಸ್ಥ. ಎನ್‌ಬಿಸಿ ಜಾಲವೂ ಅದೇ ಕಂಪನಿಯದ್ದು. ಅವರ ಎಂಜಿನಿಯರುಗಳ ಹಟ ಒಂದೇ: ಬಣ್ಣದ ಪ್ರಸಾರ ಹಳೆಯ ಸೆಟ್ಟಿನಲ್ಲೂ ಕಪ್ಪು-ಬಿಳುಪಾಗಿ ಕಾಣಬೇಕು, ಕಪ್ಪು-ಬಿಳುಪು ಪ್ರಸಾರ ಹೊಸ ಸೆಟ್ಟಿನಲ್ಲೂ ಕಾಣಬೇಕು. ಇದರಲ್ಲಿ ವ್ಯಾಪಾರದ ಲೆಕ್ಕವೂ ಇತ್ತು, ಹಳೆಯ ಸೆಟ್ಟುಗಳನ್ನು ಮಾರಿದವರಲ್ಲಿ ಅವರೂ ಇದ್ದರು. ಆದರೂ ಸಾಲ ಮಾಡಿ ಟೀವಿ ಕೊಂಡ ಮನೆಯವರ ಕಡೆಯಿಂದ ನೋಡಿದರೆ ಅದು ನ್ಯಾಯದ ಹಟವೇ. ಬೇರೆ ಬೇರೆ ಕಂಪನಿಗಳ ಎಂಜಿನಿಯರುಗಳು ಸೇರಿದ ಎನ್‌ಟಿಎಸ್‌ಸಿ ಎಂಬ ಸಮಿತಿ ಈ ಕೆಲಸವನ್ನು ಮುಗಿಸಿತು. 1953ರ ಡಿಸೆಂಬರ್ 17ರಂದು ಎಫ್‌ಸಿಸಿ ತನ್ನ ಹಿಂದಿನ ತೀರ್ಮಾನ ಬಿಟ್ಟು ಇದನ್ನು ಒಪ್ಪಿತು.

ಅವರು ಮಾಡಿದ್ದೇನು? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಸೊಗಸೆಲ್ಲ ಇಲ್ಲೇ ಇದೆ.

ಕ್ಯಾಮೆರಾದಿಂದ ಕೆಂಪು, ಹಸಿರು, ನೀಲಿ ಎಂದು ಮೂರು ಚಿತ್ರ ಬರುತ್ತವೆ. ಮೂರನ್ನೂ ಬೇರೆ ಬೇರೆ ಕಳಿಸಲು ಮೂರು ಚಾನಲ್‌ನಷ್ಟು ಜಾಗ ಬೇಕು. ಇದ್ದದ್ದು ಒಂದು ಚಾನಲ್, ಅದೂ 6 ಮೆಗಾಹರ್ಟ್ಸ್. ಆದ್ದರಿಂದ ಮೊದಲು ಮೂರನ್ನೂ ಬೆರೆಸಿ ಒಂದು ಬೆಳಕಿನ ಚಿತ್ರ ಮಾಡಿದರು. ಹಸಿರು ನೂರಕ್ಕೆ 59 ಪಾಲು, ಕೆಂಪು 30, ನೀಲಿ 11. ನಮ್ಮ ಕಣ್ಣು ಬೆಳಕನ್ನು ಅಳೆಯುವುದು ಹೆಚ್ಚುಕಡಿಮೆ ಹೀಗೆಯೇ. ಹಳೆಯ ಸೆಟ್ಟಿಗೆ ಇಷ್ಟು ಸಾಕು. ಹೊಸ ಸೆಟ್ಟಿಗೆ ಬೇಕಾದ ಬಣ್ಣದ ಮಾಹಿತಿಯನ್ನು ಬೇರೆಯಾಗಿ, ಸ್ವಲ್ಪ ಮಸುಕಾಗಿ ಕಳಿಸಿದರು. ಮಕ್ಕಳ ಚಿತ್ರ ಬಿಡಿಸುವ ಪುಸ್ತಕ ನೋಡಿದ್ದೀರಲ್ವಾ? ಗೆರೆ ಸ್ಪಷ್ಟವಾಗಿದ್ದರೆ ಬಣ್ಣ ಆಚೀಚೆ ಹರಡಿದರೂ ಚಿತ್ರ ಚಿತ್ರವಾಗಿಯೇ ಕಾಣುತ್ತದೆ. ಬೆಳಕು ಮತ್ತು ಬಣ್ಣವನ್ನು ಹೀಗೆ ಬೇರ್ಪಡಿಸುವ ಕಲ್ಪನೆ ಫ್ರಾನ್ಸ್‌ನ ಜಾರ್ಜ್ ವಲಾನ್ಸಿ ಅವರದ್ದು. 1938ರಲ್ಲೇ ಪೇಟೆಂಟ್ ಬೇಡಿದ್ದರು.

ಇನ್ನು ಬಣ್ಣಕ್ಕೆ ಜಾಗ. ಕಪ್ಪು-ಬಿಳುಪು ಸಿಗ್ನಲ್ ಚಾನಲ್ ತುಂಬ ಹರಡಿದೆ ಅನ್ನಿಸಿದರೂ, ಒಳಗೆ ಅದು ಸಾಲು ಸಾಲಾಗಿರುತ್ತದೆ. ಸಾಲುಗಳ ನಡುವೆ ಖಾಲಿ ಜಾಗ ಉಳಿಯುತ್ತದೆ. ಅಡಿಕೆ ತೋಟದ ಸಾಲಿನ ನಡುವೆ ಏಲಕ್ಕಿ ಹಾಕಿದ ಹಾಗೆ, ಆ ಖಾಲಿ ಜಾಗದಲ್ಲಿ ಬಣ್ಣವನ್ನು ನೆಟ್ಟರು. ಆ ತರಂಗ 3.579545 ಮೆಗಾಹರ್ಟ್ಸ್. ಅಂಗಡಿಯಲ್ಲಿ ನಾವು ಸುಮ್ನೆ “ಮೂರು ಐವತ್ತೆಂಟು” ಅನ್ನುತ್ತಿದ್ದದ್ದು ಇದನ್ನೇ. ಪ್ರತಿ ಗೆರೆಯ ಆರಂಭದಲ್ಲಿ ಆ ತರಂಗದ ಎಂಟೊಂಬತ್ತು ಸುತ್ತನ್ನು ಮಾದರಿಯಾಗಿ ಕಳಿಸುತ್ತಾರೆ. ಅದು ಬರ್ಸ್ಟ್. ಬರ್ಸ್ಟ್ ಬಂದರೆ ಕಲರ್ ಕಿಲ್ಲರ್ ಬಾಗಿಲು ತೆರೆಯುತ್ತದೆ, ಬಾರದಿದ್ದರೆ ಮುಚ್ಚುತ್ತದೆ.

ಒಂದು ಮುಳ್ಳು ಉಳಿಯಿತು. ಧ್ವನಿಯ ತರಂಗ ಚಿತ್ರದಿಂದ 4.5 ಮೆಗಾಹರ್ಟ್ಸ್ ದೂರದಲ್ಲಿತ್ತು. ಬಣ್ಣಕ್ಕೂ ಅದಕ್ಕೂ ತಾಕಲಾಟವಾಗಿ ಪರದೆಯ ಮೇಲೆ ಸಣ್ಣ ನೇಯ್ಗೆಯಂಥ ಕಲೆ ಬರುತ್ತಿತ್ತು. ಧ್ವನಿಯನ್ನು ಸರಿಸಿದರೆ ಹಳೆಯ ಸೆಟ್ಟುಗಳಿಗೆ ಕೇಳಿಸುವುದರಲ್ಲಿ ತೊಂದರೆಯಾದೀತು. ಹಾಗಾಗಿ ಚಿತ್ರವನ್ನೇ ಸಾವಿರಕ್ಕೆ ಒಂದರಷ್ಟು ನಿಧಾನ ಮಾಡಿದರು. ಸೆಕೆಂಡಿಗೆ 30 ಇದ್ದ ಫ್ರೇಮ್, ಅಂದರೆ ಪೂರ್ತಿ ಚಿತ್ರ, 29.97 ಆಯಿತು. ಇಂದು ವಿಡಿಯೋ ಎಡಿಟ್ ಮಾಡುವ ಹುಡುಗರು ನನ್ನನ್ನು ಕೇಳುತ್ತಾರೆ, 29.97 ಎಂಬ ವಿಚಿತ್ರ ಸಂಖ್ಯೆ ಯಾಕೆ ಸರ್ ಎಂದು. 1953ರ ಮನೆಗಳಲ್ಲಿದ್ದ ಹಳೆಯ ಟೀವಿಗಳಿಗಾಗಿ ಎಂದು ಹೇಳುತ್ತೇನೆ.

1954ರ ಜನವರಿ 1ರಂದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದ ಹೂವಿನ ಮೆರವಣಿಗೆಯನ್ನು ಎನ್‌ಬಿಸಿ ದೇಶದ ಈ ತೀರದಿಂದ ಆ ತೀರದವರೆಗೆ ಬಣ್ಣದಲ್ಲಿ ತೋರಿಸಿತು. ಬಣ್ಣ ಕಂಡವರು ಬೆರಳೆಣಿಕೆಯಷ್ಟು, ಆದರೆ ಉಳಿದವರ ಮನೆಯಲ್ಲೂ ಮೆರವಣಿಗೆ ಕಂಡಿತು. ಆ ವರ್ಷವೇ ಆರ್‌ಸಿಎ ಸಿಟಿ-100 ಎಂಬ ಸೆಟ್ ಮಾರುಕಟ್ಟೆಗೆ ತಂದಿತು. ಬೆಲೆ 1000 ಡಾಲರ್. ಆಗಿನ ಸಾಧಾರಣ ಹೊಸ ಕಾರಿನ ಅರ್ಧ ಬೆಲೆಗಿಂತ ಜಾಸ್ತಿ. ಪರದೆ ಚಿಕ್ಕದು. ಜನ ಕೊಳ್ಳಲಿಲ್ಲ.

ಯಾಕೆ ಕೊಳ್ಳಲಿಲ್ಲ ಎಂಬುದು ಕಲರ್ ಟ್ಯೂಬಿನ ಮೇಲೆ ಕೈಯಾಡಿಸಿದವರಿಗೆ ಚೆನ್ನಾಗಿ ತಿಳಿಯುತ್ತದೆ. ಗಾಜಿನ ಹಿಂದೆ ಲಕ್ಷಗಟ್ಟಲೆ ತೂತುಗಳ ಲೋಹದ ತಗಡು. ಮೂರು ಎಲೆಕ್ಟ್ರಾನ್ ಗನ್‌ಗಳು ಆ ತೂತುಗಳ ಮೂಲಕ ಸರಿಯಾಗಿ ತಮ್ಮ ತಮ್ಮ ಬಣ್ಣದ ಚುಕ್ಕೆಗೇ ಬಡಿಯಬೇಕು. ಹೊರಟ ಎಲೆಕ್ಟ್ರಾನ್‌ಗಳಲ್ಲಿ ಹೆಚ್ಚಿನವು ತಗಡಿಗೇ ಬಡಿದು ನಷ್ಟ. ಅದಕ್ಕೇ ಚಿತ್ರ ಮಂಕು, ಕೋಣೆ ಕತ್ತಲು ಮಾಡಿ ನೋಡಬೇಕು. ಗುರಿ ಕೂದಲೆಳೆ ತಪ್ಪಿದರೂ ಮುಖದ ಅಂಚಿಗೆ ಕೆಂಪು ನೆರಳು. ನನ್ನ ಅಂಗಡಿಗೆ ಬರುತ್ತಿದ್ದ ಸೆಟ್ಟುಗಳಲ್ಲಿ ಪಕ್ಕದಲ್ಲಿಟ್ಟ ಸ್ಪೀಕರಿನ ಅಯಸ್ಕಾಂತದಿಂದಲೇ ಮೂಲೆಯಲ್ಲಿ ನೇರಳೆ ಕಲೆ ಕಾಣುತ್ತಿತ್ತು. ಅಂಟಿದ ಕಾಂತಬಲ ಅಳಿಸುವ ಡಿಗಾಸಿಂಗ್ ಕಾಯಿಲನ್ನು ಪರದೆಯ ಮುಂದೆ ಸುತ್ತಿಸಿ ಆ ಕಲೆ ತೆಗೆಯುತ್ತಿದ್ದೆವು. ಮೊದಲ ಅಮೆರಿಕನ್ ಸೆಟ್ಟುಗಳಲ್ಲಿ ಟೀವಿಯನ್ನು ಇನ್ನೊಂದು ಗೋಡೆಯ ಕಡೆ ತಿರುಗಿಸಿದರೂ ಬಣ್ಣ ಕೆಡುತ್ತಿತ್ತು, ಭೂಮಿಯ ಕಾಂತಬಲಕ್ಕೆ. ಮೆಕ್ಯಾನಿಕ್ ಮನೆಗೇ ಬಂದು ಕೂತು ಹೊಂದಿಸಬೇಕಾಗಿತ್ತು. 1960ರ ದಶಕದ ನಡುವಿನಲ್ಲಿ ಯೂರೋಪಿಯಂ ಸೇರಿಸಿದ ಹೊಸ ಕೆಂಪು ಲೇಪ ಬಂದ ಮೇಲೆ ಚಿತ್ರಕ್ಕೆ ಕಳೆ ಬಂತು. ಅದಕ್ಕೂ ಮೊದಲು ಕೆಂಪು ಬಲಹೀನ. ಅದಕ್ಕೆ ಸರಿಹೊಂದಿಸಲು ಹಸಿರು, ನೀಲಿಯನ್ನೂ ಕೆಳಗೆ ಇಡಬೇಕಿತ್ತು.

ಸ್ಟುಡಿಯೋದಲ್ಲೂ ಕಷ್ಟವೇ. ಎನ್‌ಬಿಸಿ ಬಳಸಿದ ಟಿಕೆ-41 ಕ್ಯಾಮೆರಾದಲ್ಲಿ ಮೂರು ದೊಡ್ಡ ಟ್ಯೂಬ್‌ಗಳು. ವಿಪರೀತ ತೂಕ, ವಿಪರೀತ ಬೆಳಕು ಬೇಕು. ಆ ದೀಪಗಳ ಕೆಳಗೆ ನಟರು ಬೆವರುತ್ತಿದ್ದರು.

ಹಣದ ಗಂಟು ಇನ್ನೊಂದು. ಮಾರಾಟವಾಗುವ ಬಣ್ಣದ ಸೆಟ್ಟುಗಳಿಂದ ಲಾಭ ಆರ್‌ಸಿಎಗೆ. ಹಾಗಿರುವಾಗ ಎದುರಾಳಿ ಜಾಲಗಳಾದ ಸಿಬಿಎಸ್, ಎಬಿಸಿ ಯಾಕೆ ಬಣ್ಣಕ್ಕೆ ಖರ್ಚು ಮಾಡಬೇಕು? ಕಾರ್ಯಕ್ರಮ ಕಡಿಮೆ ಎಂದು ಜನ ಸೆಟ್ ಕೊಳ್ಳಲಿಲ್ಲ, ಸೆಟ್ಟಿಲ್ಲ ಎಂದು ಜಾಹೀರಾತುದಾರರು ಬಣ್ಣಕ್ಕೆ ಹೆಚ್ಚು ಕೊಡಲಿಲ್ಲ. ಹೀಗೆ ಹತ್ತು ವರ್ಷ ಎನ್‌ಬಿಸಿ ಹೆಚ್ಚುಕಡಿಮೆ ಒಂಟಿಯಾಗಿ ಎಳೆಯಿತು. 1956ರಲ್ಲಿ ಗರಿಬಿಚ್ಚಿದ ನವಿಲನ್ನು ಬಣ್ಣದ ಗುರುತಾಗಿ ತೋರಿಸತೊಡಗಿತು. 1959ರಲ್ಲಿ ಬೊನಾಂಜಾ ಎಂಬ ಕುದುರೆ ಸವಾರರ ಧಾರಾವಾಹಿಯನ್ನು ಬಣ್ಣದಲ್ಲೇ ಶುರುಮಾಡಿತು. 1961ರಲ್ಲಿ ವಾಲ್ಟ್ ಡಿಸ್ನಿಯ ಕಾರ್ಯಕ್ರಮ ಎಬಿಸಿ ಬಿಟ್ಟು ಎನ್‌ಬಿಸಿಗೆ ಬಂದದ್ದೂ ಬಣ್ಣದ ಜೊತೆಗೇ.

ಆ ದಿನಗಳ ಒಂದು ದೃಶ್ಯ ನನಗೆ ತುಂಬ ಇಷ್ಟ. 1958ರ ಮೇ 22. ವಾಷಿಂಗ್ಟನ್‌ನಲ್ಲಿ ಎನ್‌ಬಿಸಿಯ ಹೊಸ ಕೇಂದ್ರದ ಉದ್ಘಾಟನೆ, ಅಧ್ಯಕ್ಷ ಐಸೆನ್‌ಹೋವರ್ ಬಂದಿದ್ದರು. ಮೊದಲ ಭಾಗ ಕಪ್ಪು-ಬಿಳುಪು. ಸಾರ್ನಾಫ್ ಅವರ ಮಗ ರಾಬರ್ಟ್ ಮಾತಾಡುತ್ತಾ ಒಂದು ಗುಂಡಿ ಒತ್ತುತ್ತಾರೆ, ಚಿತ್ರಕ್ಕೆ ಬಣ್ಣ ಬರುತ್ತದೆ. ಉಳಿದುಬಂದಿರುವ ಬಣ್ಣದ ವಿಡಿಯೋಟೇಪ್‌ಗಳಲ್ಲಿ ಅದೇ ಅತಿ ಹಳೆಯದು. ಆ ಕ್ಷಣ ನೋಡಿದಾಗಲೆಲ್ಲ ನನ್ನ ಮನಸ್ಸು ಮನೆಗಳ ಕಡೆ ಹೋಗುತ್ತದೆ. ಕೆಲವೇ ಸೆಟ್ಟುಗಳೊಳಗೆ ಬಾಗಿಲು ತೆರೆಯಿತು. ಉಳಿದವುಗಳಲ್ಲಿ ಏನೂ ಬದಲಾಗಲಿಲ್ಲ, ಭಾಷಣ ಹಾಗೇ ಮುಂದುವರಿಯಿತು.

ಆಮೇಲಿನದ್ದು ಬೇಗ ನಡೆಯಿತು. 1965ರ ಶರತ್ಕಾಲದಲ್ಲಿ ಎನ್‌ಬಿಸಿಯ ರಾತ್ರಿಯ ಕಾರ್ಯಕ್ರಮಗಳಲ್ಲಿ ಬಣ್ಣವಿಲ್ಲದವು ಎರಡೇ. ಸಿಬಿಎಸ್ ಸುಮಾರು ಅರ್ಧ. 1966ರ ಶರತ್ಕಾಲಕ್ಕೆ ಮೂರೂ ಜಾಲಗಳ ರಾತ್ರಿ ಪೂರ್ತಿ ಬಣ್ಣ. ಸಂಜೆಯ ಸುದ್ದಿಗೂ ಬಣ್ಣ ಬಂತು, ವಿಯೆಟ್ನಾಂ ಯುದ್ಧದ ರಕ್ತ ಕೆಂಪಾಗಿಯೇ ಊಟದ ಹೊತ್ತಿಗೆ ಮನೆಯೊಳಗೆ ಬಂತು. ಅಷ್ಟಾದರೂ ಅಮೆರಿಕದ ಅರ್ಧದಷ್ಟು ಮನೆಗಳಿಗೆ ಬಣ್ಣದ ಸೆಟ್ ಬರಲು 1972ರ ಸುಮಾರು ಆಗಬೇಕಾಯಿತು. ಆ ಆರು ವರ್ಷ ಬಣ್ಣದ ಕಾರ್ಯಕ್ರಮಗಳನ್ನು ಹಳೆಯ ಸೆಟ್ಟಿನಲ್ಲಿ ನೋಡಿದವರೇ ಹೆಚ್ಚು. ಕೆಲವರು ಮೇಲೆ ನೀಲಿ, ಕೆಳಗೆ ಹಸಿರು ಇರುವ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಳ್ಳುತ್ತಿದ್ದರು. ಅದೇ ಹಾಳೆ ಮುಂದೆ ನಮ್ಮ ಊರುಗಳಲ್ಲೂ ಮಾರಾಟವಾಯಿತು.

ಎನ್‌ಟಿಎಸ್‌ಸಿ ಪದ್ಧತಿಯ ದೊಡ್ಡ ದೋಷವನ್ನೂ ಹೇಳಬೇಕು. ಬಣ್ಣ ಯಾವುದು ಎಂಬುದು ತರಂಗದ ಫೇಸ್‌ನಲ್ಲಿ, ಅಂದರೆ ಅದರ ಏರಿಳಿತ ಬರುವ ಹೊತ್ತಿನಲ್ಲಿ, ಅಡಗಿದೆ. ದಾರಿಯಲ್ಲಿ ಅದು ಸ್ವಲ್ಪ ಸರಿದರೂ ಮುಖ ಹಸಿರು. ಅದಕ್ಕೇ ಅಮೆರಿಕನ್ ಸೆಟ್ಟುಗಳಿಗೆ ಟಿಂಟ್ ಎಂಬ ಇನ್ನೊಂದು ತಿರುಪು. ಜರ್ಮನಿಯ ವಾಲ್ಟರ್ ಬ್ರೂಖ್ ಇದಕ್ಕೆ ಪರಿಹಾರ ಕಂಡರು. ಗೆರೆ ಬಿಟ್ಟು ಗೆರೆಗೆ ಫೇಸ್ ಮಗುಚಿದರೆ ತಪ್ಪು ತಪ್ಪನ್ನೇ ಅಳಿಸುತ್ತದೆ. ಅದು ಪಾಲ್ ಪದ್ಧತಿ. 1967ರಲ್ಲಿ ಪಶ್ಚಿಮ ಜರ್ಮನಿ, ಬ್ರಿಟನ್ ಅದರಲ್ಲಿ ಪ್ರಸಾರ ಶುರುಮಾಡಿದವು, 1982ರಲ್ಲಿ ನಮ್ಮ ದೂರದರ್ಶನ. ಆ ನವೆಂಬರಿನ ದೆಹಲಿ ಏಷ್ಯನ್ ಗೇಮ್ಸ್ ಬಣ್ಣದಲ್ಲಿ ಬಂತು. ಆಗಲೂ ಕಪ್ಪು-ಬಿಳುಪು ಸೆಟ್ಟಿನ ಮನೆಗಳಿಗೆ ಆಟ ತಪ್ಪಲಿಲ್ಲ.

ಅಮೆರಿಕದ ದೊಡ್ಡ ಕೇಂದ್ರಗಳು ಅನಲಾಗ್ ಪ್ರಸಾರ ನಿಲ್ಲಿಸಿದ್ದು 2009ರ ಜೂನ್ 12ರಂದು. ಅಲ್ಲಿಯವರೆಗೆ, 1950ಕ್ಕೂ ಮುಂಚಿನ ಟೀವಿ ಕೆಡದೆ ಉಳಿದಿದ್ದರೆ ಅದರಲ್ಲಿ ಅಂದಿನ ಸುದ್ದಿ ನೋಡಬಹುದಿತ್ತು. ನಿಲ್ಲಿಸುವ ಮೊದಲು ಸರ್ಕಾರ ಮನೆಗೆ ಎರಡರಂತೆ 40 ಡಾಲರ್ ಕೂಪನ್ ಕೊಟ್ಟಿತು, ಡಿಜಿಟಲ್ ಸಿಗ್ನಲ್ ಬದಲಿಸುವ ಪೆಟ್ಟಿಗೆ ಕೊಳ್ಳಲು. ಆ ಪೆಟ್ಟಿಗೆಯ ಹಿಂಬದಿ ಒಂದು ಆಂಟೆನಾ ಸಾಕೆಟ್ ಇರುತ್ತಿತ್ತು. ಅದರಿಂದ ವೈರ್ ಎಳೆದು ಹಳೆಯ ಸೆಟ್ಟಿಗೆ ಸಿಕ್ಕಿಸಿ, ಚಾನಲ್ 3ಕ್ಕೋ 4ಕ್ಕೋ ತಿರುಗಿಸಿದರೆ ಚಿತ್ರ ಬರುತ್ತಿತ್ತು.